ಸಿಪ್ರಿಯನ್ ಪೊರ್ಬುಗಳ ಬೂದು ಫೆಲ್ಟ್ ಟೋಪಿ

೧೯೯೪ರ ಮಳೆಗಾಲ. ಕಾಸರಗೋಡು ಪೇಟೆಯಲ್ಲಿ ನಾನು ಡ್ರೈಕ್ಲೀನಿಂಗ್ ಅಂಗಡಿ ಇಟ್ಟು ಹತ್ತು ವರ್ಷವಾಗಿತ್ತು. ಅದಕ್ಕೆ ಮೊದಲು ಬೊಂಬಾಯಿಯ ಒಂದು ಹಳೆಯ ಲಾಂಡ್ರಿಯಲ್ಲಿ ದುಡಿಯುತ್ತಿದ್ದೆ. ಅಲ್ಲಿಗೆ ಸೂಟುಗಳ ಜೊತೆ ಫೆಲ್ಟ್ ಟೋಪಿಗಳೂ ಬರುತ್ತಿದ್ದವು. ಅವನ್ನು ತೊಳೆದು, ಹಬೆ ಹಿಡಿದು, ತಲೆಯಾಕಾರದ ಮರದ ಅಚ್ಚಿನ ಮೇಲೆ ಕೂರಿಸಿ ಆಕಾರಕ್ಕೆ ತರುವುದನ್ನು ನಾನು ಕಲಿತದ್ದು ಅಲ್ಲಿಯೇ. ಊರಿಗೆ ಮರಳುವಾಗ ಯಜಮಾನರು ಮೂಲೆಗೆ ಹಾಕಿದ್ದ ನಾಲ್ಕೈದು ಅಚ್ಚುಗಳನ್ನು ಕೇಳಿ ತಂದಿದ್ದೆ. ಕಾಸರಗೋಡಿನಲ್ಲಿ ಅವುಗಳಿಗೆ ಕೆಲಸ ಸಿಗಲಿಲ್ಲ. ಗಲ್ಫಿನಿಂದ ರಜೆಯಲ್ಲಿ ಬಂದವರ ಸಫಾರಿ ಸೂಟು, ಮದುವೆಗೆ ಉಟ್ಟ ರೇಷ್ಮೆ ಸೀರೆ, ಬೂಸ್ಟು ಹಿಡಿದ ಕೋಟು, ಇಷ್ಟೇ ನನ್ನ ವ್ಯಾಪಾರ. ಫೆಲ್ಟ್ ಟೋಪಿ ಹಾಕಿ ಬೆವರುವ ಹುಚ್ಚು ನಮ್ಮ ಕರಾವಳಿಯಲ್ಲಿ ಯಾರಿಗಿದೆ?

ಹಾಗಾಗಿ ಜುಲೈ ತಿಂಗಳ ಒಂದು ಬೆಳಿಗ್ಗೆ ಸಿಪ್ರಿಯನ್ ಡಿಸೋಜರು ಪ್ಲಾಸ್ಟಿಕ್ ಚೀಲದಿಂದ ಬೂದು ಬಣ್ಣದ ಟೋಪಿಯೊಂದನ್ನು ಹೊರತೆಗೆದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಆ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ.

ಡಿಸೋಜರು ಕುಂಬ್ಡಾಜೆ ಕಡೆಯವರು, ರಬ್ಬರ್ ಶೀಟ್ ಕೊಂಡು ಮಾರುವವರು. ನಮ್ಮಲ್ಲಿ ಕೊಂಕಣಿ ಕ್ರಿಶ್ಚಿಯನ್ನರನ್ನು ಗೌರವದಿಂದ ಪೊರ್ಬುಗಳು ಎಂದು ಕರೆಯುವ ರೂಢಿ ಇದೆ. ನನಗೂ ಅವರು ಸಿಪ್ರಿಯನ್ ಪೊರ್ಬುಗಳೇ. ಐವತ್ತು ದಾಟಿದ ದೊಡ್ಡ ಆಳು, ದೊಡ್ಡ ತಲೆ, ತೆಂಗಿನ ನಾರಿನಂಥ ಒರಟು ಕೂದಲು. ಟೋಪಿ ಅವರ ತೀರಿಹೋದ ಅಣ್ಣನದಂತೆ. ವರ್ಷಗಟ್ಟಲೆ ಟ್ರಂಕಿನ ತಳದಲ್ಲಿ ಬಿದ್ದು ನೆತ್ತಿ ಕುಸಿದಿತ್ತು, ಅಂಚು ಒಣಗಿದ ಹಪ್ಪಳದಂತೆ ಅಲೆ ಅಲೆಯಾಗಿತ್ತು. ಎಂದೋ ಒದ್ದೆಯಾಗಿ ಕುಗ್ಗಿಯೂ ಇತ್ತು.

"ಇದು ನಿಮಗೇ ಅಲ್ವಾ?" ಎಂದು ಕೇಳಿದೆ.

"ಮತ್ತೆ ಯಾರಿಗೆ? ಬೇಗ ಮಾಡಿ ಕೊಡು ಮಾರಾಯ," ಎಂದರು.

ಟೇಪು ಹಿಡಿದು ಅವರ ತಲೆ ಅಳೆದೆ. ಹಣೆಯ ನಡುವಿನಿಂದ ಹೊರಟು ಕಿವಿಗಳ ಮೇಲಾಗಿ ಸುತ್ತಿ ಬರಬೇಕು. ಇಪ್ಪತ್ತಮೂರು ಇಂಚು ಬಂತು. ಟೋಪಿಯ ಒಳಸುತ್ತು ಇಪ್ಪತ್ತೊಂದೂಮುಕ್ಕಾಲು. ಇಷ್ಟು ವ್ಯತ್ಯಾಸವಿದ್ದರೆ ಸಾಮಾನ್ಯವಾಗಿ ಕೈ ಮುಗಿದು ವಾಪಸು ಕೊಡುವುದೇ ಸರಿ. ಆದರೆ ಹತ್ತು ವರ್ಷದಿಂದ ಸುಮ್ಮನೆ ಕುಳಿತಿದ್ದ ಅಚ್ಚುಗಳು ನನ್ನನ್ನೇ ನೋಡುತ್ತಿದ್ದವು.

ಫೆಲ್ಟ್ ಎಂದರೆ ನೇಯ್ದ ಬಟ್ಟೆಯಲ್ಲ. ಉಣ್ಣೆಯನ್ನೋ ಮೊಲದ ತುಪ್ಪಳವನ್ನೋ ಬಿಸಿ, ತೇವ ಮತ್ತು ಒತ್ತಡ ಕೊಟ್ಟು ಒಂದಕ್ಕೊಂದು ಅಂಟಿ ಹೆಣೆದುಕೊಳ್ಳುವಂತೆ ಮಾಡಿರುತ್ತಾರೆ. ಹಬೆ ತಾಗಿದರೆ ಅದು ಮೆತ್ತಗಾಗಿ ಎಳೆದತ್ತ ಬರುತ್ತದೆ. ತಣಿದಾಗ ಆ ಆಕಾರದಲ್ಲೇ ನಿಲ್ಲುತ್ತದೆ. ಹೆಚ್ಚು ಎಳೆದರೆ ತೆಳುವಾಗಿ ಹರಿಯುತ್ತದೆ. ಆದ್ದರಿಂದ ಸ್ವಲ್ಪ ಹಬೆ, ಸ್ವಲ್ಪ ಎಳೆತ, ಒಂದು ದಿನ ವಿಶ್ರಾಂತಿ, ಮತ್ತೆ ಹಬೆ. ಒಳಗಿನ ಚರ್ಮದ ಪಟ್ಟಿಯನ್ನು ಬಿಚ್ಚಿ, ತುಂಡು ಜೋಡಿಸಿ ಉದ್ದ ಮಾಡಿ ಪುನಃ ಹೊಲಿದೆ. ಮಳೆಯಲ್ಲಿ ಕರೆಂಟು ಹೋಗಿ ಬಂದು ಮಾಡುತ್ತಿದ್ದುದರಿಂದ ಸೀಮೆಎಣ್ಣೆ ಸ್ಟೌವಿನ ಮೇಲೆ ಕೆಟ್ಲು ಇಟ್ಟೇ ಕೆಲಸ ಮುಗಿಸಿದೆ. ಅವರು ಬಂದು ಕನ್ನಡಿಯ ಮುಂದೆ ಟೋಪಿ ಇಟ್ಟುಕೊಂಡಾಗ ಅದು ಅಲ್ಲಿಯೇ ಬೆಳೆದಂತೆ ಕುಳಿತಿತ್ತು. ನಾನು ಹೊಗಳಿಕೆಗೆ ಕಾದು ನಿಂತೆ. ಅವರು ಕನ್ನಡಿಯನ್ನು ಸರಿಯಾಗಿ ನೋಡಲೂ ಇಲ್ಲ. ಚೀಲಕ್ಕೆ ತುರುಕಿಕೊಂಡು ಹೊರಟರು.

ಮುಂದಿನ ವಾರ ಮತ್ತೆ ಹಾಜರು.

"ಸಡಿಲ ಉಂಟು ಶೇಖರ. ಕಣ್ಣಿನ ಮೇಲೆ ಬೀಳ್ತದೆ."

"ಎಲ್ಲಿ, ಹಾಕಿ ತೋರಿಸಿ."

ಹಾಕಿದರು. ಗಾಳಿ ಬೀಸಿದರೂ ಹಾರದಷ್ಟು ಸರಿಯಾಗಿತ್ತು.

"ಎಲ್ಲಿ ಬೀಳ್ತದೆ ಪೊರ್ಬುಗಳೇ? ನೀವೇ ನೋಡಿ!"

"ಇಲ್ಲಿ ಬೀಳುವುದಿಲ್ಲ. ಮನೆಯಲ್ಲಿ ಬೀಳ್ತದೆ."

ಕುಂಬ್ಡಾಜೆಯ ಗುಡ್ಡ ಹತ್ತುವಾಗ ದಾರಿಯಲ್ಲಿ ತಲೆ ಕುಗ್ಗುತ್ತದೆಯೇ ಎಂದು ಕೇಳಿಯೇಬಿಟ್ಟೆ. ಅವರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. "ಸಣ್ಣ ಮಾಡಿ ಕೊಡು" ಎಂದು ಅದನ್ನೇ ಹೇಳುತ್ತ ನಿಂತರು. ಚರ್ಮದ ಪಟ್ಟಿಯ ಹಿಂದೆ ಫೆಲ್ಟಿನ ತೆಳು ತುಂಡುಗಳನ್ನು ತುಂಬಿ ಕೊಟ್ಟೆ. ಈಗ ಟೋಪಿ ಅವರ ತಲೆಗೆ ಇಳಿಯದೆ ಗೋಡೆಯ ಮೇಲಿನ ಕಾಗೆಯ ಹಾಗೆ ಕುಳಿತಿತ್ತು. "ಈಗ ಸರಿ ಉಂಟು" ಎಂದು ಹೊರಟುಹೋದರು. ಆ ದಿನ ಊಟ ಮಾಡುವಾಗಲೂ ನನಗೆ ಸಿಟ್ಟು ಇಳಿದಿರಲಿಲ್ಲ.

ಮೂರನೆಯ ಸಲ ಬಂದದ್ದು ಆಗಸ್ಟಿನಲ್ಲಿ. ಅಂಗಡಿಯಲ್ಲಿ ಬೇರೆ ಗಿರಾಕಿಗಳೂ ಇದ್ದರು.

"ಇನ್ನೂ ಸಡಿಲವೇ. ಮತ್ತೆ ಆ ಪಟ್ಟಿ ಚುಚ್ಚುತ್ತದೆ, ತಲೆಯ ಚರ್ಮ ಉರೀತದೆ. ಮುಂದಿನ ಅಂಚು ಸ್ವಲ್ಪ ಕೆಳಗೆ ಬರಲಿ, ಹುಬ್ಬು ಮುಚ್ಚಬೇಕು."

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ಪೊರ್ಬುಗಳೇ, ನಿಮ್ಮ ಕೂದಲಿಗೆ ಬಾಚಣಿಗೆಯೇ ಇಳಿಯಲಿಕ್ಕಿಲ್ಲ. ಪಟ್ಟಿ ಚುಚ್ಚುವುದು ಎಲ್ಲಿಗೆ? ಟೋಪಿ ತಕ್ಕೊಂಡು ಹೋಗಿ. ನನ್ನಿಂದಾಗದು."

ಅವರು ಹೋಗಲಿಲ್ಲ. ಗಿರಾಕಿಗಳು ಹೊರಡುವವರೆಗೂ ಬಾಗಿಲ ಬಳಿ ಮಳೆ ನೋಡುತ್ತ ನಿಂತಿದ್ದು, ಆಮೇಲೆ ಕೌಂಟರಿನ ಹತ್ತಿರ ಬಂದರು.

"ನನಗಲ್ಲ ಮಾರಾಯ. ಐರಿನಿಗೆ."

ಐರಿನ್ ಟೀಚರ್ ಅವರ ಹೆಂಡತಿ. ಊರಿನ ಕನ್ನಡ ಶಾಲೆಯಲ್ಲಿ ಪಾಠ ಮಾಡುವವರು. ಬೇಸಿಗೆ ರಜೆಯಲ್ಲಿ ಎದೆಯ ಗಡ್ಡೆಗೆ ಮಂಗಳೂರಿನಲ್ಲಿ ಆಪರೇಶನ್ ಆಗಿತ್ತು. ಆಮೇಲೆ ಕೊಟ್ಟ ಔಷಧಿಗೆ ತಲೆಗೂದಲು ಪೂರ್ತಿ ಉದುರಿತ್ತು, ಹುಬ್ಬು ಕೂಡ. ಓಣಂ ರಜೆ ಕಳೆದು ಶಾಲೆ ತೆರೆಯುವ ದಿನ ಕೆಲಸಕ್ಕೆ ಹೋಗುವುದೆಂದು ಅವರು ಹಟ ಹಿಡಿದಿದ್ದರು. ಆದರೆ ಬರಿದಾದ ತಲೆಯಲ್ಲಿ ಅಂಗಳಕ್ಕೂ ಇಳಿಯಲೊಲ್ಲರು. ಯಾರಿಗೂ ಹೇಳಕೂಡದೆಂದು ಗಂಡನಿಂದ ಮಾತು ತೆಗೆದುಕೊಂಡಿದ್ದರು.

"ಇದನ್ನು ಮೊದಲೇ ಹೇಳಲಿಕ್ಕೆ ಎಂತ ಆಗಿತ್ತು ನಿಮಗೆ?" ಎಂದೆ. ನನ್ನ ಸ್ವರ ಇನ್ನೂ ಗಟ್ಟಿಯಾಗಿಯೇ ಇತ್ತು. ಸಿಟ್ಟು ಬಂದಷ್ಟು ಬೇಗ ಹೋಗುವುದಿಲ್ಲ.

"ಅವಳಿಗೆ ಗೊತ್ತಾದರೆ ನನ್ನನ್ನು ಮನೆಗೆ ಸೇರಿಸಲಿಕ್ಕಿಲ್ಲ," ಎಂದರು. ಅಷ್ಟು ದೊಡ್ಡ ಆಳು ಕೌಂಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

ಟೋಪಿಯನ್ನು ಉಳಿಸಿಕೊಂಡೆ. ಮೊದಲ ದಿನ ಬಂದಾಗ ಅದು ಹೆಚ್ಚುಕಡಿಮೆ ಟೀಚರಿಗೆ ಆಗುವಂತೆಯೇ ಇತ್ತು. ದಿನಗಟ್ಟಲೆ ಎಳೆದು ಹಿಗ್ಗಿಸಿದವನು ನಾನೇ. ಈಗ ಅದನ್ನು ತೇವ ಮಾಡಿ, ಬಿಸಿ ಕೊಟ್ಟು, ಸಣ್ಣ ಅಚ್ಚಿನ ಮೇಲೆ ಕೂರಿಸಿ ಕುಗ್ಗಿಸಬೇಕಾಯಿತು. ಮುಂದಿನ ಭಾನುವಾರ ಅಚ್ಚು, ಟೇಪು, ಸೂಜಿ ನೂಲು ಕಟ್ಟಿಕೊಂಡು ಪೊರ್ಬುಗಳ ಜೀಪಿನಲ್ಲಿ ಕುಂಬ್ಡಾಜೆಗೆ ಹೋದೆ. ನಾನು ಬರುವುದನ್ನು ಅವರು ಮನೆಯಲ್ಲಿ ಹೇಳಿರಲಿಲ್ಲ. ಇದು ನನಗೆ ತಿಳಿದದ್ದು ಒಳಗಿನಿಂದ ಕೊಂಕಣಿಯಲ್ಲಿ ಬೈಗುಳ ಶುರುವಾದ ಮೇಲೆ.

ಬಹಳ ಹೊತ್ತಿನ ನಂತರ ಟೀಚರ್ ತಲೆಗೆ ಬೈರಾಸು ಟವೆಲು ಸುತ್ತಿಕೊಂಡು ಹೊರಬಂದು ಕುರ್ಚಿಯಲ್ಲಿ ಕುಳಿತರು. ಬಡಕಲಾಗಿದ್ದರು. ಕಣ್ಣು ಮಾತ್ರ ಪರೀಕ್ಷೆಯ ಕೋಣೆಯಲ್ಲಿ ಸುತ್ತುವ ಮೇಷ್ಟ್ರ ಕಣ್ಣು.

"ನೀವಾ ಆ ಟೋಪಿಯವರು? ಇಷ್ಟು ಸಲ ಕೊಟ್ಟರೂ ಒಂದು ಟೋಪಿ ಸರಿ ಮಾಡ್ಲಿಕ್ಕೆ ಬರುವುದಿಲ್ವಾ ನಿಮಗೆ?"

ನಾನು ಪೊರ್ಬುಗಳ ಮುಖ ನೋಡಿದೆ. ಅವರು ಛಾವಣಿ ನೋಡಿದರು.

"ಟೀಚರೇ, ತಲೆ ನೋಡದೆ ಟೋಪಿ ಮಾಡುವ ವಿದ್ಯೆ ನನಗೆ ಯಾರೂ ಕಲಿಸಲಿಲ್ಲ," ಎಂದೆ.

ಅವರು ಬೈರಾಸು ತೆಗೆದರು. ಅಳೆದೆ. ಇಪ್ಪತ್ತೊಂದೂವರೆ ಇಂಚು. ಸುತ್ತಳತೆ ಮಾತ್ರವಲ್ಲ, ಆಕಾರವೇ ಬೇರೆ. ಗಂಡನದು ದುಂಡು ತಲೆ. ಇವರದು ಹಿಂದೆ ಮುಂದೆ ಉದ್ದ, ಬದಿಗಳಲ್ಲಿ ಕಿರಿದು. ದುಂಡು ಟೋಪಿಯನ್ನು ಉದ್ದ ತಲೆಗೆ ಇಟ್ಟರೆ ಹಣೆಯಲ್ಲಿ ಒತ್ತುತ್ತದೆ, ಕಿವಿಯ ಮೇಲೆ ಸಂದು ಬಿಡುತ್ತದೆ, ಒಟ್ಟಿನಲ್ಲಿ ಸಡಿಲವೂ ಹೌದು ಬಿಗಿಯೂ ಹೌದು.

ಅವರ ಅಡುಗೆಮನೆಯಲ್ಲಿ ಇಡ್ಲಿ ಬೇಯಿಸುವ ಪಾತ್ರೆಗೆ ನೀರಿಟ್ಟು ಹಬೆ ಮಾಡಿದೆ. ಟೋಪಿ ಮೆತ್ತಗಾದಾಗ ಎರಡೂ ಬದಿ ಅಂಗೈಯಲ್ಲಿ ಒತ್ತಿ ಉದ್ದಕ್ಕೆ ತಂದೆ. ಗಟ್ಟಿ ಚರ್ಮದ ಪಟ್ಟಿ ಕಿತ್ತು ಹಾಕಿ, ಪೊರ್ಬುಗಳ ಒಗೆದು ಸವೆದ ಮುಂಡು ಪಂಚೆಯ ತುಂಡನ್ನು ಎರಡು ಪದರ ಮಡಚಿ ಹೊಲಿದೆ. ಟೀಚರ್ ಹಾಕಿ ನೋಡಿದರು. ಚುಚ್ಚುವುದಿಲ್ಲ ಎಂದು ಒಪ್ಪಿದರು. ಮರುಕ್ಷಣವೇ ಶುರು.

"ಇದರ ನೆತ್ತಿ ಎಂತಕ್ಕೆ ಇಷ್ಟು ಎತ್ತರ? ಸಿನಿಮಾದ ಕಳ್ಳಸಾಗಣೆಯವನ ಹಾಗೆ ಕಾಣ್ತೇನೆ."

ನೆತ್ತಿ ತಗ್ಗಿಸಿದೆ. ನಡುವಿನ ಮಡಿಕೆ ಬೇಡವೆಂದರು, ತೆಗೆದು ದುಂಡು ಮಾಡಿದೆ. ಅಂಚು ಹುಬ್ಬಿನವರೆಗೆ ಬರಲಿ ಎಂದರು, ಬಂದಾಗ ಕಪ್ಪುಹಲಗೆ ಕಾಣುವುದಿಲ್ಲ ಎಂದರು, ಎತ್ತಿದಾಗ ಹಣೆ ಕಾಣುತ್ತದೆ ಎಂದರು. ನನಗೆ ಬೆವರು ಇಳಿಯುತ್ತಿತ್ತು, ಪಾತ್ರೆಯ ನೀರು ಆರಿ ಮತ್ತೆ ತುಂಬಿಸಬೇಕಾಯಿತು. ಕೊನೆಗೆ ತಡೆಯಲಾರದೆ, "ಶಾಲು ಹೊದ್ದರೆ ಸಾಕಾಗುವುದಿಲ್ವಾ ಟೀಚರ್? ಅಥವಾ ಒಂದು ವಿಗ್?" ಎಂದೆ.

"ವಿಗ್ ತಂದಿದ್ದಾರೆ ಇವರು. ಹಾಕಿದರೆ ನಾಟಕದಲ್ಲಿ ಹೆಣ್ಣುವೇಷ ಹಾಕಿದವರ ಹಾಗೆ ಕಾಣ್ತದೆ. ಶಾಲು ಹೊದ್ದರೆ ಕಾಯಿಲೆಯವಳು ಎಂದು ಮಕ್ಕಳಿಗೆ ಗೊತ್ತಾಗ್ತದೆ. ಸೀರೆಗೆ ಟೋಪಿ ಹಾಕಿದರೆ ಟೀಚರಿಗೆ ಮರ್ಲು, ಹುಚ್ಚು ಎಂದು ನಗ್ತಾರೆ. ನಗಲಿ. ನನ್ನನ್ನು ನೋಡಿ ಮಕ್ಕಳು ಹೆದರುವುದು ಬೇಡ."

ಟೋಪಿಯನ್ನು ಪುನಃ ಹಬೆಗೆ ಹಿಡಿದೆ. ಮುಂದಿನ ಅಂಚನ್ನು ಬಲಕ್ಕೆ ಸ್ವಲ್ಪ ಇಳಿಸಿ, ಎಡಕ್ಕೆ ಕೂದಲೆಳೆಯಷ್ಟು ಎತ್ತಿ, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿದೆ. ಅವರು ಕನ್ನಡಿಯಲ್ಲಿ ತುಂಬ ಹೊತ್ತು ನೋಡಿಕೊಂಡರು. ಗಂಡನತ್ತ ತಿರುಗಿ ಕೊಂಕಣಿಯಲ್ಲಿ ಏನೋ ಕೇಳಿದರು. ಪೊರ್ಬುಗಳು ತಲೆಯಾಡಿಸಿ ಹಿತ್ತಿಲ ಕಡೆಗೆ ಹೋದವರು, ನಾನು ಚಹಾ ಕುಡಿದು ಮುಗಿಸುವವರೆಗೂ ಒಳಗೆ ಬರಲಿಲ್ಲ.

ಶಾಲೆ ತೆರೆದ ದಿನದ ಸಂಗತಿ ಆಮೇಲೆ ಪೊರ್ಬುಗಳಿಂದಲೇ ತಿಳಿಯಿತು. ಮಕ್ಕಳು ಬೆಂಚು ಕುಟ್ಟಿ ನಕ್ಕರಂತೆ. ಟೀಚರ್ ನಗು ಮುಗಿಯುವವರೆಗೆ ಕಾದು, ಪುಸ್ತಕ ಮುಚ್ಚಲು ಹೇಳಿ ಉಕ್ತಲೇಖನ ಕೊಟ್ಟರಂತೆ. ಹೆಡ್‌ಮಾಸ್ಟರು ಟೋಪಿಯ ಬಗ್ಗೆ ಕೇಳಲು ಬಂದವರು ಹವಾಮಾನದ ವಿಷಯ ಮಾತಾಡಿ ಹೋದರಂತೆ.

ಮರುವರ್ಷದ ಬೇಸಿಗೆಯಲ್ಲಿ ಟೀಚರ್ ತಾವೇ ಅಂಗಡಿಗೆ ಬಂದರು. ಟೋಪಿ ತಲೆಯ ಮೇಲೆಯೇ ಇತ್ತು, ನಮಸ್ಕಾರ ಕೂಡ ಹೇಳದೆ ಶುರು ಮಾಡಿದರು.

"ಎಂಥ ಕೆಲಸ ಮಾಡಿದ್ದೀರಿ ಶೇಖರಣ್ಣ? ಬಿಗಿ ಆಗ್ತಾ ಉಂಟು. ಸಂಜೆಗೆ ಹಣೆಯಲ್ಲಿ ಗೆರೆ ಬೀಳ್ತದೆ."

ಫೆಲ್ಟು ಕುಗ್ಗಿತೇ ಎಂದು ಗಾಬರಿಯಾಯಿತು. ಟೇಪು ತೆಗೆದುಕೊಂಡು ಟೋಪಿ ಕೊಡಿ ಎಂದೆ. ಅವರು ತೆಗೆದರು. ಕುರುಚಲು ಗುಂಗುರು ಕೂದಲು, ಅರ್ಧ ಬೆಳ್ಳಗಾಗಿದ್ದರೂ ಒತ್ತಾಗಿ ಎದ್ದು ನಿಂತಿತ್ತು. ಟೋಪಿಗೆ ಏನೂ ಆಗಿರಲಿಲ್ಲ.

"ಇನ್ನು ಇದು ಎಂತಕ್ಕೆ ಟೀಚರ್?"

"ಎಂತಕ್ಕೆ ಎಂದರೆ? ಅಭ್ಯಾಸ ಆಯ್ತು. ಮಾತಾಡುತ್ತ ಕೂರಬೇಡಿ, ದೊಡ್ಡದು ಮಾಡಿ ಕೊಡಿ."

ಸ್ಟೌವಿನ ಮೇಲೆ ಕೆಟ್ಲು ಇಟ್ಟೆ.

ಆಮೇಲೂ ಅನೇಕ ವರ್ಷ ಅಂಗಡಿ ನಡೆಸಿದೆ, ಅರ್ಥವಿಲ್ಲದ ದೂರು ಹೇಳುವ ಗಿರಾಕಿಗಳು ದಿನವೂ ಬಂದರು. ಅಂಥವರ ಮೇಲೆ ಈಗಲೂ ಸಿಟ್ಟು ಬರುತ್ತದೆ; ಇಲ್ಲವೆಂದರೆ ಸುಳ್ಳಾದೀತು. ಆದರೆ ದೂರೂ ಒಂದು ಅಳತೆಯೇ ಎಂಬುದನ್ನು ಆ ಟೋಪಿ ನನಗೆ ಕಲಿಸಿತು. ಸಡಿಲ ಉಂಟು, ಚುಚ್ಚುತ್ತದೆ, ಹುಬ್ಬು ಮುಚ್ಚಬೇಕು ಎಂದು ಸಿಪ್ರಿಯನ್ ಪೊರ್ಬುಗಳು ಹೇಳಿದ ಮಾತುಗಳಲ್ಲಿ ಒಂದೂ ತಪ್ಪಿರಲಿಲ್ಲ. ನಾನು ಟೇಪು ಹಿಡಿದಿದ್ದ ತಲೆ ಮಾತ್ರ ಬೇರೆಯದಾಗಿತ್ತು.