ಸಾದಾ ಲಿಫ್ಟ್ ಹತ್ತದ ಸೋದರಮಾವ

ಜಮಖಂಡಿಯ ಮದುವೆ ಹಾಲ್‌ನಲ್ಲಿ ಸಾದಾ ಲಿಫ್ಟ್ ಬಾಗಿಲು ತೆರೆದುಕೊಂಡು ಖಾಲಿ ನಿಂತಿತ್ತು. ಪಕ್ಕದ ‘ಸ್ಪೆಷಲ್’ ಲಿಫ್ಟ್ ಹೆಚ್ಚಿಗೆ ದುಡ್ಡು ಕೊಟ್ಟವರಿಗೆ ಮಾತ್ರ. ಎಲ್ಲರೂ ಕೊಟ್ಟಿದ್ದರಿಂದ ಅದರ ಮುಂದೆ ದೊಡ್ಡ ಸಾಲು. ಸಾಲಿನ ಕೊನೆಗೆ ವಧುವಿನ ಸೋದರಮಾವ ನಿಂತಿದ್ದರು.

“ಅಕ್ಕಿಕಾಳ ಬೀಳೂ ಹೊತ್ತಾತ್ರಿ, ಇದರಾಗ ಬರ್ರಿ,” ಎಂದೆ.

“ಬೀಗರ ಮುಂದ ಸಾದಾದಾಗ ಹತ್ತಲೇನ್ರಿ? ನಮ್ಮ ಮರ್ಯಾದಿ ಏನಾಗಬೇಕು! ನೀವ್ ನಡೀರಿ.”

ಹೊತ್ತಿಗೆ ಸರಿಯಾಗಿ ಹಾಜರಾಗುವುದು ನನ್ನ ರೂಢಿ. ಒಬ್ಬನೇ ಮೇಲೆ ಹೋದೆ. ಅಲ್ಲಿ ಮುಹೂರ್ತ ಮೀರುತ್ತಿತ್ತು. ವಧುವಿನ ಹಿಂದೆ ನಿಲ್ಲಬೇಕಾದ ಸೋದರಮಾವ ಬರಲಿಲ್ಲವೆಂದು ಅವಳ ತಾಯಿ ಅಳುತ್ತಿದ್ದರು. ಶಾಸ್ತ್ರಿಗಳು ನೆರೆಮನೆಯವನಾದ ನನ್ನನ್ನೇ ಎಳೆದು ಅಲ್ಲಿ ನಿಲ್ಲಿಸಿದರು. ಅಕ್ಷತೆ ಬಿದ್ದ ಮೇಲೆ ಸ್ಪೆಷಲ್ ಲಿಫ್ಟ್‌ನ ಬಾಗಿಲು ತೆರೆಯಿತು.

ಈಗಲೂ ಮದುಮಗ ಎಲ್ಲಿ ಕಂಡರೂ ‘ಮಾವಾರ’ ಎಂದು ನನ್ನ ಕಾಲಿಗೆ ಬೀಳುತ್ತಾನೆ. ತಿದ್ದುವುದನ್ನು ನಾನೂ ಬಿಟ್ಟಿದ್ದೇನೆ.