‘ಬಲೆ ಇಲ್ಲ್’ ಕೆಡವಿದ ಕತೆ

೧೯೮೧ರಲ್ಲಿ ನಾನು ಉಡುಪಿಯಲ್ಲಿ ಒಂದು ಕನ್ನಡ ದಿನಪತ್ರಿಕೆಯ ವರದಿಗಾರನಾಗಿದ್ದೆ. ಬನ್ನಂಜೆಯ ಬಾಡಿಗೆ ಕೋಣೆಯೇ ಮನೆ, ಅದೇ ಕಚೇರಿ. ಪೂರ್ವಕ್ಕೆ ಹಿರಿಯಡ್ಕ ದಾಟಿ ಕಾರ್ಕಳದವರೆಗೆ, ದಕ್ಷಿಣಕ್ಕೆ ಕಾಪುವಿನಾಚೆಯ ಹಳ್ಳಿಗಳವರೆಗೆ ನನ್ನ ಸುತ್ತಾಟ. ಬರೆದ ಸುದ್ದಿಯನ್ನು ಕವರಿಗೆ ಹಾಕಿ ಸಂಜೆಯ ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟರೆ ರಾತ್ರಿ ಮಂಗಳೂರಿನ ಪ್ರೆಸ್ಸಿಗೆ ಮುಟ್ಟುತ್ತಿತ್ತು. ಬಸ್ಸು ತಪ್ಪಿದರೆ ಸುದ್ದಿಯೂ ತಪ್ಪಿದಂತೆ.

ವರದಿಗಾರನಾಗುವ ಮೊದಲು ಕೆಲವು ವರ್ಷ ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಪ್ರೂಫ್ ನೋಡುತ್ತಿದ್ದೆ. ಅಲ್ಲಿ ಅಂಟಿದ ಒಂದು ಅಭ್ಯಾಸ ಕೊನೆಯವರೆಗೂ ಬಿಡಲಿಲ್ಲ. ಮನುಷ್ಯನ ಹೆಸರನ್ನೂ ಅವನ ಬಾಯಲ್ಲಿ ಬಂತೆಂದು ಅಚ್ಚು ಹಾಕುವ ಮಾತನ್ನೂ ಎರಡು ಸಲ ಕೇಳದೆ ಬರೆಯುವುದಿಲ್ಲ. ಇದರಿಂದ ನನಗೆ ಊರಲ್ಲಿ ‘ಕಿವಿ ಮಂದ ಪೇಪರಿನವ’ ಎಂಬ ಹೆಸರೂ ಬಂದಿತ್ತು. ನನ್ನ ಕಿವಿಗೆ ಇವತ್ತಿಗೂ ಏನೂ ತೊಂದರೆಯಿಲ್ಲ.

ಕಾಪುವಿನ ದಕ್ಷಿಣಕ್ಕೆ ಕಡಲ ಬದಿಯಲ್ಲಿ ಒಂದು ಪಟ್ಣ. ನಮ್ಮ ಕರಾವಳಿಯಲ್ಲಿ ಪಟ್ಣ ಎಂದರೆ ನಗರವಲ್ಲ, ಮೊಗವೀರರ ಮೀನುಗಾರಿಕೆಯ ಊರು. ಆ ಊರಿನ ನಡುವೆ ರಸ್ತೆಗೆ ತಾಗಿ ಮುರಕಲ್ಲಿನ ಗೋಡೆ, ಹಂಚಿನ ಮಾಡು ಇದ್ದ ಉದ್ದನೆಯ ಹಳೆಯ ಕಟ್ಟಡವೊಂದಿತ್ತು. ಅದು ಊರಿನ ರಂಪಣಿ ಕಂಪನಿಯದ್ದು. ರಂಪಣಿ ಎಂದರೆ ದಡದಿಂದ ಎಳೆಯುವ ಬಹಳ ಉದ್ದದ ಬಲೆ. ದೋಣಿಯಲ್ಲಿ ಕೊಂಡುಹೋಗಿ ಕಡಲಿನಲ್ಲಿ ಅರ್ಧ ಸುತ್ತು ಬಿಟ್ಟು, ಎರಡೂ ತುದಿಯನ್ನು ಊರೇ ಸೇರಿ ಎಳೆಯಬೇಕು. ಆ ಬಲೆ ಒಬ್ಬನದ್ದಲ್ಲ. ಪಾಲುದಾರರು ಒಬ್ಬೊಬ್ಬರೂ ತಂದ ತುಂಡುಗಳನ್ನು ಜೋಡಿಸಿ ಆದದ್ದು. ಅದನ್ನು ಇಡುವ ಕಟ್ಟಡಕ್ಕೆ ತುಳುವಿನಲ್ಲಿ ‘ಬಲೆ ಇಲ್ಲ್’ ಎಂದು ಹೆಸರು. ಇಲ್ಲ್ ಎಂದರೆ ಮನೆ; ಬಲೆಯ ಮನೆ.

ಎಪ್ಪತ್ತರ ದಶಕದ ಕೊನೆಗೆ ಸುತ್ತುಬಲೆ ಹಾಕುವ ಯಂತ್ರದ ಪರ್ಸಿನ್ ಬೋಟುಗಳು ಬಂದವು. ಬಂಗುಡೆ, ಬೂತಾಯಿಗಳ ಹಿಂಡನ್ನು ಅವು ಆಳದಲ್ಲಿಯೇ ಬಳಸಿ ಹಿಡಿದವು. ದಡಕ್ಕೆ ಮೀನು ಬರುವುದು ನಿಂತಿತು, ರಂಪಣಿಯೂ ನಿಂತಿತು. ಬಲೆ ಮಾತ್ರ ಬಲೆ ಇಲ್ಲ್‌ನಲ್ಲಿ ರಾಶಿ ಬಿದ್ದಿತ್ತು.

ಹಿಂದಿನ ಮಳೆಗಾಲದಲ್ಲಿ ಕಡಲು ಆ ಊರಿನ ಏಳು ಮನೆಗಳನ್ನು ತೆಗೆದುಕೊಂಡಿತ್ತು. ಏಳೂ ಕುಟುಂಬಗಳು ಬಲೆ ಇಲ್ಲ್‌ನ ಅರ್ಧ ಭಾಗಕ್ಕೆ ಬಂದು ಸೇರಿದ್ದವು. ಕುಟುಂಬಕ್ಕೂ ಕುಟುಂಬಕ್ಕೂ ನಡುವೆ ಗೋಡೆಯೆಂದರೆ ನೇತು ಹಾಕಿದ ಹಳೆಯ ಬಲೆ, ಅದರ ಮೇಲೊಂದು ಗೋಣಿ.

ಅವರಲ್ಲಿ ಜಲಜ ಎಂಬಾಕೆ ನನಗೆ ಮೊದಲೇ ಪರಿಚಯ. ಮೀನಿನ ಬುಟ್ಟಿ ಹೊತ್ತು ಬಸ್ಸಿನಲ್ಲಿ ಹಿರಿಯಡ್ಕದವರೆಗೂ ಹೋಗಿ ಮಾರುತ್ತಿದ್ದ ಗಟ್ಟಿ ಹೆಂಗಸು. ಗಂಡ ತೀರಿಹೋಗಿದ್ದ. ತುಂಬು ಬಸುರಿ ಮಗಳು ಹೆರಿಗೆಗೆಂದು ಬಂದಿದ್ದಳು.

“ಪೇಪರಿನವರೇ, ನಿಮ್ಮ ಪೇಪರು ಭಾರೀ ಒಳ್ಳೆಯದುಂಟು. ಬಂಗುಡೆ ಕಟ್ಟಿದರೆ ನೀರು ಇಳಿಯುವುದೇ ಇಲ್ಲ,” ಎಂದು ನನ್ನನ್ನು ಕಂಡಾಗಲೆಲ್ಲ ಹೇಳುವಳು.

“ಓದುವುದಿಲ್ವಾ?”

“ಓದಿಯೇ ಕಟ್ಟುವುದು ಮಾರಾಯ್ರೆ. ಓದದ್ದನ್ನು ಕಟ್ಟಿ ಕೊಟ್ಟರೆ ಗಿರಾಕಿಗೆ ಎಂತ ಹೋಗ್ತದೆಂದು ನನಗೆ ಗೊತ್ತಾಗಬೇಡವಾ?”

ಆ ವರ್ಷದ ಆರಂಭದಲ್ಲಿ ಕಡಲ ಕೊರೆತದ ಈ ಏಳು ಕುಟುಂಬಗಳಿಗೆ ಸರಕಾರದ ಜನತಾ ಮನೆ ಮಂಜೂರಾಯಿತು. ಜಾಗ ಮಾತ್ರ ಇರಲಿಲ್ಲ. ಕಡಲು ಮುಟ್ಟದ, ಊರಿನೊಳಗೇ ಇದ್ದ ಒಂದೇ ಸ್ಥಳವೆಂದರೆ ಬಲೆ ಇಲ್ಲ್ ನಿಂತ ನೆಲ. ಕಾರ್ಕಳ ಕಡೆಯ ಒಬ್ಬ ಜೂನಿಯರ್ ಇಂಜಿನಿಯರ್ ಬಂದು ಪರೀಕ್ಷೆ ಮಾಡಿದರು. ಗೋಡೆ ಗಟ್ಟಿಯಿದೆ, ಆದರೆ ಮಾಡಿನ ಮರ ಗೆದ್ದಲು ತಿಂದು ಟೊಳ್ಳಾಗಿದೆ, ಇನ್ನೊಂದು ಮಳೆಗಾಲ ತಡೆಯುವುದು ಸಂಶಯ ಎಂದರು. “ಮಾಡು ಬದಲಿಸಿ ಉಳಿಸಬಹುದು. ಆದರೆ ರಿಪೇರಿಗೆ ನಮ್ಮಲ್ಲಿ ಸ್ಕೀಮ್ ಇಲ್ಲ. ಕೆಡವಿ ಮನೆ ಕಟ್ಟುವುದಕ್ಕೆ ಉಂಟು,” ಎಂದು ನನ್ನೊಡನೆ ನೇರವಾಗಿಯೇ ಹೇಳಿದರು.

ಊರಿನಲ್ಲಿ ಎರಡು ಪಕ್ಷವಾಯಿತು. ಕೆಡವಬಾರದು ಎನ್ನುವವರ ಮುಂದಾಳು ವಾಸು. ಮೂವತ್ತೈದರ ಆಸುಪಾಸಿನ ಪ್ರಾಮಾಣಿಕ ಮನುಷ್ಯ, ರಂಪಣಿಯ ದೋಣಿಯಲ್ಲಿ ಚುಕ್ಕಾಣಿ ಹಿಡಿದವನು. ಪರ್ಸಿನ್ ಬೋಟುಗಳಿಗೆ ಸರಕಾರ ಇವತ್ತಲ್ಲ ನಾಳೆ ಕಡಿವಾಣ ಹಾಕುತ್ತದೆ, ಆಗ ರಂಪಣಿ ಮತ್ತೆ ಇಳಿಯುತ್ತದೆ ಎಂದು ಅವನು ನಿಜವಾಗಿ ನಂಬಿದ್ದ. “ಬಲೆ ಇಡುವ ಜಾಗ ಕೊಟ್ಟ ಮೇಲೆ ಬಲೆಯನ್ನು ತಲೆಯ ಮೇಲೆ ಹೊತ್ತುಕೊಳ್ಳುವುದಾ?” ಎನ್ನುತ್ತಿದ್ದ.

“ಈಗ ನಾವು ಹೊತ್ತುಕೊಂಡಿದ್ದೇವಲ್ಲ, ಮಾಡಿನ ಸಮೇತ!” ಎಂದು ಜಲಜ ಗೋಣಿಯ ಆಚೆಯಿಂದ ಉತ್ತರ ಕೊಡುವಳು.

ಕಂಪನಿಯ ಪಾಲುದಾರರು ಕೂತು ಮಾತಾಡಿ ಮುಗಿಯದೆ, ತೀರ್ಮಾನವನ್ನು ದೂಮ ಗುರಿಕಾರರಿಗೆ ಬಿಟ್ಟರು. ಗುರಿಕಾರ ಎಂದರೆ ಪಟ್ಣದ ಹಿರಿಯ. ನ್ಯಾಯವಿರಲಿ, ಮದುವೆಯಿರಲಿ, ಕೊನೆಯ ಮಾತು ಅವರದ್ದು. ಆ ಮಾತಿಗೊಂದು ಕಟ್ಟುನಿಟ್ಟಿನ ಕ್ರಮವಿತ್ತು. ಗುರಿಕಾರರು ಒಮ್ಮೆ ಹೇಳಿದ್ದನ್ನು ಯಾರೂ ಎರಡನೇ ಸಲ ಕೇಳುವಂತಿಲ್ಲ. ಕೇಳಿದರೆ ಮೊದಲ ಮಾತನ್ನು ನಂಬಲಿಲ್ಲವೆಂದು ಅರ್ಥ. ದೂಮ ಗುರಿಕಾರರಿಗೆ ಎಂಬತ್ತರ ಹತ್ತಿರ. ಹಲ್ಲು ಹೋಗಿತ್ತು, ಮಾತು ಮೊದಲೇ ಕಡಿಮೆ. ವಾಸು ಅವರ ಸೋದರಳಿಯ.

ಮಾರ್ಚ್ ತಿಂಗಳಲ್ಲಿ ಒಂದು ಮಧ್ಯಾಹ್ನ ತಹಶೀಲ್ದಾರರು ಬಂದರು. ಕೋಲಾರದ ಕಡೆಯವರು, ನಮ್ಮ ಜಿಲ್ಲೆಗೆ ಬಂದು ತಿಂಗಳಾಗಿತ್ತಷ್ಟೆ. ಕೆಲಸದಲ್ಲಿ ಚುರುಕು, ಮನಸ್ಸು ಒಳ್ಳೆಯದು, ತುಳು ಒಂದಕ್ಷರ ಬಾರದು. ಫೈಲಿನಲ್ಲಿ ಗುಮಾಸ್ತರು ಕಟ್ಟಡದ ಹೆಸರನ್ನು ‘ಬಲೆ ಇಲ್ಲ’ ಎಂದು ಬರೆದಿದ್ದರು. ತಹಶೀಲ್ದಾರರು ಬಾಗಿಲಲ್ಲಿ ನಿಂತು ಒಳಗಿನ ರಾಶಿ ನೋಡಿ, “ಏನ್ರೀ ಇದು, ಫೈಲಲ್ಲಿ ಬಲೆ ಇಲ್ಲ ಅಂತಿದೆ, ಇಲ್ಲಿ ನೋಡಿದ್ರೆ ಬೆಟ್ಟದಷ್ಟಿದೆ!” ಎಂದರು. ಎಲ್ಲರೂ ನಕ್ಕರು. ಪಂಚಾಯತಿಯವರೊಬ್ಬರು ಅರ್ಥ ವಿವರಿಸಿದರು. ತಹಶೀಲ್ದಾರರೂ ನಕ್ಕು ಮರೆತರು. ಆ ನಗೆ ನಮಗೆ ಎಚ್ಚರಿಕೆಯಾಗಬೇಕಿತ್ತು, ಆಗಲಿಲ್ಲ.

ಅಂಗಳದಲ್ಲಿ ಜನ ಸೇರಿದ್ದರು. ಗುರಿಕಾರರು ಕಟ್ಟಡದ ಜಗಲಿಯಲ್ಲಿ ಕೂತಿದ್ದರು. ಕಡಲ ಗಾಳಿ ಜೋರಾಗಿತ್ತು. ತಹಶೀಲ್ದಾರರು ವಿಷಯವನ್ನು ಮುಚ್ಚಿಡಲಿಲ್ಲ. ಆರ್ಥಿಕ ವರ್ಷ ಮುಗಿಯುತ್ತಾ ಬಂದಿದೆ, ಒಪ್ಪಿಗೆ ಇವತ್ತು ಸಿಗದಿದ್ದರೆ ಈ ಏಳು ಮನೆ ಬೇರೆ ಊರಿಗೆ ಹೋಗುತ್ತವೆ ಎಂದರು. ಆಮೇಲೆ ಗುರಿಕಾರರ ಕಡೆ ತಿರುಗಿ, “ಯಜಮಾನ್ರೇ, ಈ ಕಟ್ಟಡ ತೆಗೆಯೋದಕ್ಕೆ ನಿಮ್ಮ ಒಪ್ಪಿಗೆ ಇದೆಯಾ?” ಎಂದು ಕೇಳಿದರು.

ಗುರಿಕಾರರಿಗೆ ಆ ವೇಗದ ಕನ್ನಡ ಹಿಡಿಯಲಿಲ್ಲ. ವಾಸು ಬಗ್ಗಿ ಅವರ ಕಿವಿಯಲ್ಲಿ ಏನೋ ಹೇಳಿದ. ಗುರಿಕಾರರು ಸ್ವಲ್ಪ ಹೊತ್ತು ಕಟ್ಟಡವನ್ನು ನೋಡಿದರು. ಆಮೇಲೆ ಒಂದೇ ಮಾತು ಹೇಳಿದರು.

“ಇಲ್ಲ್.”

ನನಗೆ ಹಾಗೆ ಕೇಳಿಸಿತು. ತಹಶೀಲ್ದಾರರಿಗೆ ‘ಇಲ್ಲ’ ಎಂದು ಕೇಳಿಸಿತು. ಎರಡಕ್ಕೂ ಇರುವ ವ್ಯತ್ಯಾಸ ಬಾಯಿ ಮುಚ್ಚುವಾಗಿನ ಒಂದು ಉಸಿರು; ಹಲ್ಲಿಲ್ಲದ ಬಾಯಿ, ಎದುರು ಗಾಳಿ.

“ಸರಿ, ಇಲ್ಲ ಅಂದ್ರಲ್ಲ. ಬಲವಂತ ಮಾಡೋ ಹಾಗಿಲ್ಲ,” ಎಂದು ತಹಶೀಲ್ದಾರರು ಫೈಲು ಮುಚ್ಚಿದರು. ಅವರ ಮುಖದಲ್ಲಿ ಬೇಸರವಿತ್ತು.

ಪ್ರಶ್ನೆ ಕನ್ನಡದಲ್ಲಿದ್ದದ್ದರಿಂದ ಉತ್ತರವೂ ಕನ್ನಡದ್ದೇ ಎಂದು ಅಂಗಳದವರೂ ತಿಳಿದರು. ವಾಸುವಿನ ಪಕ್ಷದವರೂ ಗೆದ್ದವರ ಹಾಗೆ ಕಾಣಲಿಲ್ಲ. ಜಲಜ ಮಗಳ ಕೈ ಹಿಡಿದುಕೊಂಡು ನಿಂತಿದ್ದಳು. ಅವಳ ಬಾಯಿಯಿಂದ ಒಂದು ಮಾತೂ ಬಾರದ್ದನ್ನು ನಾನು ಕಂಡದ್ದು ಅದೇ ಮೊದಲು. ಬರುವ ಮಳೆಗಾಲದಲ್ಲಿ ಆ ಟೊಳ್ಳು ಮರದಡಿ ಬಾಣಂತಿಯನ್ನೂ ಮಗುವನ್ನೂ ಮಲಗಿಸುವುದು ಎಂದರೇನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಗುರಿಕಾರರ ಮಾತಿನ ಮೇಲೆ ಮಾತಿಲ್ಲ ಎಂಬುದೂ ಗೊತ್ತಿತ್ತು.

ನನ್ನ ತಲೆಯಲ್ಲಿ ವರದಿಯ ಮೊದಲ ವಾಕ್ಯ ಆಗಲೇ ತಯಾರಾಗಿತ್ತು: ಹಳೆಯ ಕಟ್ಟಡ ಕೆಡವಲು ಗುರಿಕಾರರ ನಿರಾಕರಣೆ. ತಹಶೀಲ್ದಾರರ ಬಾಯಿಂದಲೇ ದೃಢಪಟ್ಟ ಸುದ್ದಿ. ಕಾಪು ಪೇಟೆಗೆ ನಡೆದು ಬಸ್ಸು ಹಿಡಿಯಲು ಸಮಯವೂ ಸರಿಯಾಗಿತ್ತು. ಆದರೆ ಉದ್ಧರಣ ಚಿಹ್ನೆಯೊಳಗೆ ಹಾಕಬೇಕಾದ ಒಂದೇ ಒಂದು ಪದವನ್ನು ನಾನು ಎರಡನೇ ಸಲ ಕೇಳಿರಲಿಲ್ಲ. ಅದು ಕನ್ನಡದ ‘ಇಲ್ಲ’ವೋ ಅರ್ಧಾಕ್ಷರದ ‘ಇಲ್ಲ್’ ಎಂಬುದೋ ನನಗೆ ಗೊತ್ತಿರಲಿಲ್ಲ.

ಕರಾವಳಿಯಲ್ಲಿ ಬಂದ ಅಧಿಕಾರಿಯನ್ನು ಬೊಂಡ, ಅಂದರೆ ಎಳನೀರು, ಕುಡಿಸದೆ ಕಳಿಸುವ ಪದ್ಧತಿಯಿಲ್ಲ, ಎಷ್ಟು ಬೇಸರವಿದ್ದರೂ. ತಹಶೀಲ್ದಾರರಿಗೆ ಬೊಂಡ ಕೆತ್ತುತ್ತಿದ್ದಾಗ ನಾನು ಜಗಲಿಯ ಹತ್ತಿರ ಹೋದೆ.

“ಗುರಿಕಾರ್ರೇ, ಪೇಪರಿಗೆ ಬರೆಯಬೇಕು. ನೀವು ಹೇಳಿದ ಮಾತು ಎಂತದು, ಇನ್ನೊಮ್ಮೆ ಹೇಳುತ್ತೀರಾ?” ಎಂದು ತುಳುವಿನಲ್ಲಿಯೇ ಕೇಳಿದೆ.

ಸುತ್ತಲಿದ್ದವರು ಬೆಚ್ಚಿಬಿದ್ದರು. “ಹೋಯ್, ಎರಡನೇ ಸಲ ಕೇಳುವ ಕ್ರಮ ಇಲ್ಲ!” ಎಂದು ಒಬ್ಬ ನನ್ನ ತೋಳು ಹಿಡಿದ.

“ನಿಮ್ಮಲ್ಲಿ ಇಲ್ಲ. ನಮ್ಮ ಕೆಲಸದಲ್ಲಿ ಉಂಟು,” ಎಂದೆ. ಧೈರ್ಯದಿಂದ ಅಂದದ್ದಲ್ಲ, ಅಭ್ಯಾಸದಿಂದ ಬಾಯಿಗೆ ಬಂತು.

ಗುರಿಕಾರರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಇವನು ಬನ್ನಂಜೆಯ ಕಿವಿ ಮಂದ ಪೇಪರಿನವ ಅಲ್ವಾ? ಅವನು ಕೇಳಲಿ ಬಿಡಿ, ಪಾಪ,” ಎಂದರು. ಆಮೇಲೆ ಸ್ವರ ಏರಿಸಿ, “ಇಲ್ಲ್ ಅಂದದ್ದು. ಇಲ್ಲ್!”

“ಕನ್ನಡದ್ದಾ, ತುಳುವಿನದ್ದಾ?”

“ನಾನು ಯಾವಾಗ ಕನ್ನಡ ಮಾತಾಡಿದ್ದು ಮಾರಾಯ? ಇಲ್ಲಿ ಎಂತ ಆಗಬೇಕು ಅಂತ ಇವನು ಕೇಳಿದ,” ಎಂದು ವಾಸುವನ್ನು ತೋರಿಸಿದರು. “ ಇಲ್ಲ್ ಆಗಲಿ ಅಂದೆ. ಮನೆ! ಏಳು ಮನೆ! ಒಪ್ಪಿದ್ದಾಯಿತಲ್ಲ, ಆದರೂ ಇವರೆಲ್ಲ ಸಾವಿಗೆ ಬಂದವರ ಹಾಗೆ ಯಾಕೆ ನಿಂತದ್ದು?”

ಅಂಗಳದ ಎಲ್ಲ ಕಡೆಯಿಂದ ಒಟ್ಟಿಗೆ ಗದ್ದಲವಾಯಿತು. ಎಲ್ಲರೂ ವಾಸುವನ್ನು ನೋಡಿದರು. ಅವನ ಮುಖ ಕೆಂಪಾಗಿತ್ತು.

“ಮಾಮನ ಹತ್ತಿರ ಕಟ್ಟಡ ತೆಗೆಯುವ ಮಾತು ಆಡಲು ಬಾಯಿ ಬರಲಿಲ್ಲ,” ಎಂದ ಅವನು. “‘ಮುಲ್ಪ ಎಂಚಿನ ಆವೊಡು’, ಇಲ್ಲಿ ಎಂತ ಆಗಬೇಕು, ಅಂತಲೇ ಕೇಳಿದ್ದು. ಸಾಹೇಬರು ಬೇರೆ ಅರ್ಥ ಮಾಡಿದ್ದು ಗೊತ್ತಾಯಿತು. ಗೊತ್ತಾಗಿ ಸುಮ್ಮನಿದ್ದೆ. ಇನ್ನು ಸುಮ್ಮನಿರಲು ಆಗುವುದಿಲ್ಲ.”

ಅವನೇ ಹೋಗಿ ತಹಶೀಲ್ದಾರರಿಗೆ ಕನ್ನಡದಲ್ಲಿ ವಿವರಿಸಿದ. ತಹಶೀಲ್ದಾರರ ಕೈಯಲ್ಲಿ ಬೊಂಡ ಅರ್ಧ ಉಳಿದಿತ್ತು. ಕೇಳಿ ಮುಗಿಸಿ ಅವರು ಎಷ್ಟು ನಕ್ಕರೆಂದರೆ ಅಂಗಿಯ ಮೇಲೆಲ್ಲ ಎಳನೀರು ಚೆಲ್ಲಿತು. “ನಿಮ್ಮೂರಲ್ಲಿ ಮನೆ ಅಂದ್ರೆ ಇಲ್ಲ, ಇಲ್ಲ ಅಂದ್ರೆ ಮನೆ. ಇನ್ನು ಈ ತಾಲ್ಲೂಕಲ್ಲಿ ನಾನು ಯಾರನ್ನ ಏನು ಕೇಳಲಿ!” ಎಂದು ಮತ್ತೆ ಫೈಲು ಬಿಚ್ಚಿದರು.

ಗುರಿಕಾರರು ಒಂದೇ ಷರತ್ತು ಹಾಕಿದರು. ಬಲೆಯನ್ನು ಸುಡಬಾರದು, ಮಾರಬಾರದು. ಪಾಲುದಾರರು ತಂದ ತುಂಡು ಪಾಲುದಾರರ ಮನೆಗೇ ಹೋಗಬೇಕು. ವಾಸು ಆಗಲೂ ತಡೆಯಲಾರದೆ ಕೇಳಿದ: “ರಂಪಣಿ ಇನ್ನು ಇಳಿಯುವುದಿಲ್ವಾ ಮಾಮ?”

“ಇಳಿದರೆ ಜೋಡಿಸುವ. ಕಡಲಿಗೆ ಇಳಿಯದ ಬಲೆ ಬಲೆಯಲ್ಲ ಮಗಾ, ಇಲಿಯ ಹಾಸಿಗೆ,” ಎಂದರು ಗುರಿಕಾರರು.

ಅಷ್ಟರಲ್ಲಿ ಜಲಜಳ ಬಾಯಿ ಮರಳಿತ್ತು. “ಪೇಪರಿನವರೇ, ನಾಳೆಯ ಪೇಪರಿನಲ್ಲಿ ನಾನು ಮೀನು ಕಟ್ಟುವುದಿಲ್ಲ. ಆಣೆ!” ಎಂದು ಕೂಗಿ ಹೇಳಿದಳು. ಕಣ್ಣು ಒರೆಸಿಕೊಂಡದ್ದು ಗಾಳಿಯ ಮರಳಿಗೆ ಎಂದು ಮಗಳಿಗೆ ಹೇಳುತ್ತಿದ್ದಳು.

ಆ ದಿನ ನನಗೆ ಬಸ್ಸು ತಪ್ಪಿತು. ಸುದ್ದಿ ಒಂದು ದಿನ ತಡವಾಗಿ, ಒಳಪುಟದಲ್ಲಿ, ಸಣ್ಣದಾಗಿ ಬಂತು. ಉದ್ಧರಣ ಚಿಹ್ನೆಯೊಳಗಿನ ಪದ ಸರಿಯಾಗಿ ಅಚ್ಚಾಗಿತ್ತು, ಅರ್ಧಾಕ್ಷರದ ಸಮೇತ.

ಬೇಸಿಗೆಯಲ್ಲಿ ಬಲೆ ಇಲ್ಲ್ ಇಳಿಯಿತು. ಬಲೆಯ ತುಂಡುಗಳು ಮನೆ ಮನೆಗೆ ಹೋದವು. ಕೆಲವು ಬಾವಿಯ ಮೇಲೆ, ಕೆಲವು ಕೋಳಿಗೂಡಿಗೆ, ಕೆಲವು ಬಸಳೆಯ ಚಪ್ಪರಕ್ಕೆ. ಹಳೆಯ ಹಂಚುಗಳಲ್ಲಿ ಒಳ್ಳೆಯವನ್ನು ಆರಿಸಿ ಹೊಸ ಮನೆಗಳಿಗೇ ಹೊದೆಸಿದರು. ಕೊನೆಯ ಮನೆಯ ಮಾಡು ಮುಗಿಯುವ ಮೊದಲೇ ಮಳೆ ಹಿಡಿಯಿತು. ನೆಲಕ್ಕೆ ಸಿಮೆಂಟು ಇರಲಿಲ್ಲ, ಗೋಡೆಗೆ ಸಾರಣೆ ಇರಲಿಲ್ಲ. ಆದರೂ ಜಲಜಳ ಮೊಮ್ಮಗಳು ಸೋರದ ಮಾಡಿನಡಿ ತೊಟ್ಟಿಲಲ್ಲಿ ಮಲಗಿದಳು. ರಂಪಣಿ ಮತ್ತೆ ಇಳಿಯಲಿಲ್ಲ. ವಾಸು ಎರಡು ವರ್ಷ ಕಾದು, ಮಲ್ಪೆಯಲ್ಲಿ ಪರ್ಸಿನ್ ಬೋಟು ಹತ್ತಿದ.

ಮುಂದೆ ನಾನು ಚುನಾವಣೆ, ಗಲಭೆ, ಅಪಘಾತಗಳನ್ನೆಲ್ಲ ವರದಿ ಮಾಡಿದೆ. ಹೊಸಬರು ಸಲಹೆ ಕೇಳಿದರೆ ಹೇಳುವುದು ಮಾತ್ರ ಆ ಮಧ್ಯಾಹ್ನದ ವಿಷಯ. ಅಂದು ಅಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಕೇಳಿದವರು ಒಂದನ್ನು ಕೇಳಿದರು, ಹೇಳಿದವರು ಇನ್ನೊಂದಕ್ಕೆ ಉತ್ತರ ಕೊಟ್ಟರು, ಒಬ್ಬ ಗೊತ್ತಿದ್ದೂ ಸುಮ್ಮನಿದ್ದ, ಉಳಿದವರು ಗೌರವದಿಂದ ಸುಮ್ಮನಿದ್ದರು. ತಪ್ಪು ಸುದ್ದಿ ಹುಟ್ಟಲು ಅಷ್ಟು ಸಾಕು. ಹಾಗಾಗಿ ಗೌರವಕ್ಕೆ ಸ್ವಲ್ಪ ಪೆಟ್ಟಾದರೂ ಅಡ್ಡಿಯಿಲ್ಲ, ಎರಡನೇ ಸಲ ಕೇಳಬೇಕು.

ಕೆಲವು ವರ್ಷಗಳ ಬಳಿಕ ಆ ದಾರಿಯಲ್ಲಿ ಹೋದಾಗ ಮನೆಗಳ ಸಾಲಿನ ಮುಂದೆ ಒಂದು ಹೊಸ ಬೋರ್ಡು ಕಂಡಿತು: ‘ಬಲೆ ಇಲ್ಲ ಕಾಲನಿ’. ಪೈಂಟರ್ ಅರ್ಧಾಕ್ಷರವನ್ನು ನುಂಗಿದ್ದ. ನಾನು ನಿಂತು ನೋಡುತ್ತಿದ್ದಾಗ ಜಲಜ ಹೊರಗೆ ಬಂದಳು.

“ಎಂತ, ಪ್ರೂಫ್ ನೋಡುವುದಾ?”

“ಒಂದು ಅಕ್ಷರ ತಪ್ಪುಂಟು.”

“ಇರಲಿ ಬಿಡಿ. ಬಲೆ ಇಲ್ಲ ಅಂತ ಕನ್ನಡದಲ್ಲಿ ಓದಿದರೂ ಸತ್ಯವೇ ಅಲ್ವಾ?” ಎಂದು ನಕ್ಕಳು. ಮೊಮ್ಮಗಳು ಅವಳ ಸೀರೆಯ ಅಂಚು ಹಿಡಿದು ನನ್ನನ್ನು ನೋಡುತ್ತಿದ್ದಳು. ಜಲಜ ಬಾಗಿಲಿನ ಕಡೆಗೆ ಕೈ ತೋರಿಸಿ, “ಬಲೆ, ಇಲ್ಲಡೆ ಬಲೆ,” ಎಂದಳು.

ಬಲೆ ಎಂದರೆ ತುಳುವಿನಲ್ಲಿ ‘ಬನ್ನಿ’ ಎಂದೂ ಆಗುತ್ತದೆ. ಮನೆಗೆ ಬನ್ನಿ ಎಂದಿದ್ದಳು. ಅದನ್ನು ಎರಡನೇ ಸಲ ಕೇಳದೆ ಒಳಗೆ ಹೋದೆ.