ಜರಡಿಯಿಂದ ಕೆಳಗೆ ಬಿದ್ದವಳು

ಆ ಪಟ್ಟಿ ಅಂಟಿಸಿದ ರೀತಿ ಸರಿಯಿರಲಿಲ್ಲ. ಇದನ್ನು ನಾನು ಅವತ್ತೂ ಹೇಳಿದೆ, ಇವತ್ತೂ ಹೇಳುತ್ತೇನೆ. ಚಾಮರಾಜನಗರದ ಆ ಕಾಲೇಜಿನವರು ಸೈಕಲ್ ಸ್ಟ್ಯಾಂಡಿನ ಗೋಡೆಗೆ ಒಂದು ಹಾಳೆ ಅಂಟಿಸಿದ್ದರು. ನಾಟಕದ ತರಬೇತಿಯಲ್ಲಿ ಉಳಿದ ಹದಿನಾಲ್ಕು ಜನರ ಹೆಸರು ಅದರಲ್ಲಿತ್ತು. ತೆಗೆದುಹಾಕಿದ ಹತ್ತು ಜನರ ಹೆಸರು ಎಲ್ಲಿಯೂ ಇರಲಿಲ್ಲ. ಇಲ್ಲದ ಹೆಸರನ್ನು ಮನುಷ್ಯ ಓದುವುದು ಹೇಗೆ?

ನನ್ನ ಅಕ್ಕನ ಮಗಳು ಶಿವಲಕ್ಷ್ಮಿ ನನ್ನ ಗೂಡ್ಸ್ ಆಟೋದಲ್ಲೇ ಕೂತಿದ್ದಳು. "ನೀನೇ ನೋಡ್ಕೊಂಡ್ ಬಾ ಮಾವ, ನಂಗೆ ಕಾಲು ಬತ್ತಾ ಇಲ್ಲ" ಅಂದಳು. ನಾನು ಐದನೇ ಕ್ಲಾಸಿನವರೆಗೆ ಓದಿದವನು. ಹಾಳೆಯ ಮೇಲೆ ಬೆರಳಿಟ್ಟು ಮೇಲಿಂದ ಕೆಳಕ್ಕೆ ಓದಿದೆ. ಸಿಗಲಿಲ್ಲ. ತಪ್ಪು ನನ್ನ ಓದಿನದೇ ಇರಬೇಕು ಎಂದುಕೊಂಡು ಕೆಳಗಿನಿಂದ ಮೇಲಕ್ಕೆ ಓದಿದೆ. ಮೂರನೇ ಸಲ ಶಿ ಅಕ್ಷರ ಒಂದನ್ನೇ ಹುಡುಕಿದೆ. ಗೇಟು ಕಾಯುವ ಮೂಗಯ್ಯ ನನ್ನ ಅವಸ್ಥೆ ನೋಡಿ ಹತ್ತಿರ ಬಂದ. ಐವತ್ತೈದು ದಾಟಿದ ಮನುಷ್ಯ, ಮೊಣಕಾಲು ನೋವಿಗೆ ಒಂದು ಕಡೆ ವಾಲಿ ನಡೆಯುತ್ತಿದ್ದ.

"ಯಾವ ಮಗ ಕಣಪ್ಪ ನಿಂದು?"

"ಶಿವಲಕ್ಷ್ಮಿ. ಭೀಮನಬೀಡು."

ಅವನೂ ಒಂದು ಸಲ ಕಣ್ಣಾಡಿಸಿದ. "ಇಲ್ಲ ಕಣಪ್ಪ. ನೀನು ಸರ್ಯಾಗೇ ಓದಿದ್ದೀಯೆ" ಅಂದ.

ನಾನು ಸರಿಯಾಗಿ ಓದಿದ್ದಕ್ಕೆ ಬೇಜಾರಾಗಿದ್ದು ಜೀವಮಾನದಲ್ಲಿ ಅದೊಂದೇ ಸಲ.

ಶಿವಲಕ್ಷ್ಮಿ ಹುಟ್ಟಿದ್ದು ಬೆಳೆದದ್ದು ಗುಂಡ್ಲುಪೇಟೆಯ ಪಕ್ಕದ ಭೀಮನಬೀಡಿನಲ್ಲಿ. ಅಪ್ಪ ಸೋಮಯ್ಯ ಮದ್ದೂರು ಅರಣ್ಯ ರೇಂಜಿನಲ್ಲಿ ಬೇಸಿಗೆಯ ಕಾಡ್ಗಿಚ್ಚು ಕಾಯುವ ಕೆಲಸದವನು. ಅವ್ವ ಮಲ್ಲಾಜಮ್ಮ, ನನ್ನ ಅಕ್ಕ, ಕಂಡವರ ಹೊಲಗಳಲ್ಲಿ ಕೂಲಿ ಮಾಡುತ್ತಾಳೆ. ಹುಡುಗಿ ಐದು ವರ್ಷಕ್ಕೇ ಊರಿನ ಎಲ್ಲರಂತೆ ಮಾತಾಡುತ್ತಿದ್ದಳು. ಟೊಮೇಟೊ ಕೊಳ್ಳಲು ಬರುವ ಕೇರಳದ ವ್ಯಾಪಾರಿ ಮೂಗಿನಿಂದ ರೇಟು ಕೇಳುವುದು, ಕಂಡಕ್ಟರು ಚಿಲ್ಲರೆ ಇಲ್ಲ ಅನ್ನುವುದು, ನಾನು ಆಟೋ ಸ್ಟಾರ್ಟ್ ಆಗದಿದ್ದಾಗ ಅದರ ವಂಶವನ್ನೆಲ್ಲ ಬೈಯುವುದು, ಯಾವುದನ್ನೂ ಬಿಡುತ್ತಿರಲಿಲ್ಲ. ಅವಳು ನನ್ನ ಹಾಗೆ ಮಾಡಿದಾಗ ನಗದವನು ನಾನೊಬ್ಬನೇ.

ಬಿ.ಎ. ಸೇರಿದಾಗ ಆ ಕಾಲೇಜಿನಲ್ಲೇ ಎರಡು ವರ್ಷದ ನಾಟಕ ತರಬೇತಿ ಇದೆ ಎಂದು ಗೊತ್ತಾಯಿತು. ಇಪ್ಪತ್ತನಾಲ್ಕು ಜನರನ್ನು ತೆಗೆದುಕೊಂಡರು, ಅದರಲ್ಲಿ ಇವಳೂ ಒಬ್ಬಳು. ಆದರೆ ಅಲ್ಲೊಂದು ಪದ್ಧತಿ. ಆರು ತಿಂಗಳು ಕಳೆದ ಮೇಲೆ ಒಂದು ಪರೀಕ್ಷೆ ಇಟ್ಟು, ಬೇಡದವರನ್ನು ತೆಗೆದುಬಿಡುವುದು. ಅದಕ್ಕೆ ಅವರು ಇಟ್ಟ ಹೆಸರು ಜರಡಿ.

ತರಬೇತಿಯ ಮೇಷ್ಟ್ರು ಬಸವಪ್ರಸಾದ್. ಮೊದಲ ವಾರವೇ ಅವರು ಶಿವಲಕ್ಷ್ಮಿಗೆ, "ನಟನೆ ಇದೆಯಮ್ಮ, ಆದರೆ ನಿನ್ನ ನಾಲಿಗೆಗೆ ಹಕಾರ ಇಲ್ಲ" ಅಂದರಂತೆ. ನಮ್ಮ ಕಡೆ ಯಾರ ನಾಲಿಗೆಗೆ ಇದೆ? ನಮಗೆ ಹಾಲು ಆಲು, ಹೊಲ ಒಲ, ಹೋಗು ಅನ್ನುವುದು ಓಗು. ಅದರಿಂದ ನಮ್ಮ ಹಾಲೇನೂ ಒಡೆದಿಲ್ಲ. ಆದರೂ ಹುಡುಗಿ ಹಟ ಹಿಡಿದಳು. ಬಾಯಿಯ ಮುಂದೆ ಅಂಗೈ ಇಟ್ಟುಕೊಂಡು, ಉಸಿರು ತಾಗುತ್ತದೋ ಇಲ್ಲವೋ ನೋಡುತ್ತಾ, ಹಾಲು ಹಣ್ಣು ಹಸು ಎಂದು ಬಸ್ಸಿನಲ್ಲೂ ಹೇಳುತ್ತಾ ಹೋಗುತ್ತಿದ್ದಳು. ಪಕ್ಕದಲ್ಲಿ ಕೂತವರು ಹುಡುಗಿಗೆ ಏನೋ ಆಗಿದೆ ಎಂದು ಸರಿದು ಕೂರುತ್ತಿದ್ದರು.

ಪರೀಕ್ಷೆಯ ದಿನ ಅವಳಿಗೆ ಕೊಟ್ಟದ್ದು ಒಂದೇ ಸಾಲು. ಅರಸ ಆನೆ ಏರಿ ಅರಮನೆಗೆ ಬಂದ. ಅದರಲ್ಲಿ ಹಕಾರವೇ ಇಲ್ಲ. ಆದರೆ ಆರು ತಿಂಗಳು ಹಕಾರದ ಭಯದಲ್ಲಿ ಬದುಕಿದವಳಿಗೆ ಬಾಯಿ ತೆರೆದರೆ ಅದೇ ಮೊದಲು ಬಂತು.

"ಹರಸ ಹಾನೆ ಹೇರಿ ಹರಮನೆಗೆ ಬಂದ."

ಹಾಲ್ ಪೂರ್ತಿ ನಕ್ಕಿತು. "ಆನೇನ ಯಾವ ಲಾರಿಗೆ ಹೇರಿದ್ನಮ್ಮ ಅರಸ?" ಎಂದು ಯಾರೋ ಕೇಳಿದರು. ಅವಳ ಜೊತೆಯ ಹುಡುಗಿ ನಯನಾ ಒಬ್ಬಳು ನಗಲಿಲ್ಲವಂತೆ. ಒಂದು ವಾರಕ್ಕೆ ಆ ಹಾಳೆ ಗೋಡೆಗೆ ಬಂತು.

ಮೂಗಯ್ಯ ಇಲ್ಲ ಅಂದದ್ದೇ ನಾನು ಸೀದಾ ಮೇಷ್ಟ್ರ ರೂಮಿಗೆ ನುಗ್ಗಿದೆ.

"ನಮ್ಮ ಮಗೀನ ಯಾಕ್ ತೆಗುದ್ರಿ?"

"ನೀವು ಯಾರು? ಪೋಷಕರು ಅರ್ಜಿ ಬರೆದು ಕೊಡಬೇಕು" ಅಂದರು ಮೇಷ್ಟ್ರು, ಇಸ್ತ್ರಿ ಮಾಡಿದ ಮಾತಿನಲ್ಲಿ.

"ಅರ್ಜಿ ಬರೆಯೋ ಅಂಗಿದ್ರೆ ನಾನ್ಯಾಕೆ ತರಕಾರಿ ಹೊಡೀತಿದ್ದೆ? ಬಾಯಲ್ಲೇಳಿ."

"ಹೊರಗೆ ಹೋಗಿ ನಿಲ್ಲಿ."

ನಾನು ಮೇಜಿಗೆ ಗುದ್ದಿದೆ. ಅವರ ಟೀ ಲೋಟ ಉರುಳಿ ಪರೀಕ್ಷೆಯ ಕಾಗದಗಳ ಮೇಲೆಲ್ಲ ಹರಿಯಿತು. ಮೇಷ್ಟ್ರು ಎದ್ದು ನಿಂತರು, ಮುಖ ಕೆಂಪಾಗಿತ್ತು. "ಏಯ್, ಓಗಯ್ಯಾ ಆಚ್ಗೆ" ಅಂದರು.

ಗಲಾಟೆ ಕೇಳಿ ಆಟೋ ಇಳಿದು ಬಂದ ಶಿವಲಕ್ಷ್ಮಿ ಆಗಲೇ ಬಾಗಿಲಲ್ಲಿದ್ದಳು. ಅಷ್ಟರಲ್ಲಿ ಮೂಗಯ್ಯ ಬಂದು ನನ್ನ ಭುಜ ಹಿಡಿದ. "ಬಾಪ್ಪ, ಓಗನ. ಮಗ ನೋಡ್ತಾ ಅದೆ" ಅಂದ. ನಾನು ಅವನ ಕೈ ಕಿತ್ತು ತಳ್ಳಿದೆ. "ಗೇಟ್ ಕಾಯೋ ನಾಯಿ, ಗೇಟ್ ಕಾಯಲಾ" ಅಂದೆ. ಅವನು ಗೋಡೆಗೆ ತಾಗಿ, ಸಾವರಿಸಿಕೊಂಡು, ಮತ್ತೆ ಬಂದು ಭುಜ ಹಿಡಿದ.

ಊರಿಗೆ ಹೊರಟು ತೆರಕಣಾಂಬಿಗೆ ಬಂದೆವು. ಅಲ್ಲಿ ಶಿವಲಕ್ಷ್ಮಿ ಇದ್ದಕ್ಕಿದ್ದಂತೆ ನಗತೊಡಗಿದಳು.

"ಏನಮ್ಮಿ, ತಲೆ ಕೆಡ್ತಾ?"

"ಕೇಳುಸ್ಕೊಂಡ್ಯಾ ಮಾವ? ಮೇಷ್ಟ್ರಿಗೆ ಸಿಟ್ಟು ಬಂತಲ್ಲ, ಅವ್ರ ಹಕಾರನೂ ಓಯ್ತು. ಓಗಯ್ಯಾ ಅಂದ್ರು. ಅವರದ್ದೂ ನಮ್ಮ ನಾಲ್ಗೆನೇ ಕಣ್ ಮಾವ, ಮ್ಯಾಲೆ ಸುಣ್ಣ ಒಡ್ಕೊಂಡವ್ರೆ ಅಷ್ಟೆ."

ಮನೆಯಲ್ಲಿ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಜರಡಿ ಅನ್ನುವ ಮಾತು ಬಂದಾಗ ಮಾತ್ರ ತಲೆಯೆತ್ತಿದಳು. "ಅದೇನ್ ಜರಡಿ ಇಡಿದವ್ರಪ್ಪ ಅವ್ರು. ರಾಗಿ ಜರಡಿ ಇಡುದ್ರೆ ಕೆಳಕ್ಕೆ ಬೀಳೋದು ಇಟ್ಟು, ಮ್ಯಾಲೆ ಉಳಿಯೋದು ತೌಡು. ಇವ್ರು ತೌಡು ಮಡೀಕೊಂಡು ಇಟ್ಟು ಎಸುದ್ಬುಟ್ಟವ್ರೆ" ಅಂದಳು. ಮಗಳು ಅವತ್ತು ಎರಡು ಮುದ್ದೆ ಉಂಡಳು.

ಬಿ.ಎ. ಓದು ಹೇಗೂ ಇತ್ತು, ಅದರಿಂದ ಯಾರೂ ತೆಗೆದಿರಲಿಲ್ಲ. ಕಾಲೇಜಿಗೆ ಹೋಗುತ್ತಲೇ ಇದ್ದಳು. ಮೂರು ಗಂಟೆಗೆ ಪಾಠ ಮುಗಿದರೆ ನಾಟಕದ ಹಾಲಿನ ಹಿಂದಿನ ಕಿಟಕಿಯ ಹತ್ತಿರ ನಿಲ್ಲುತ್ತಿದ್ದಳು. ನಾಲ್ಕನೇ ದಿನ ಮೂಗಯ್ಯ ಗೇಟಿನಿಂದ ತನ್ನ ಸ್ಟೂಲು ಎತ್ತಿಕೊಂಡು ಬಂದು ಆ ಕಿಟಕಿಯ ಕೆಳಗೆ ಇಟ್ಟ. "ನಿಂತು ಕಲಿಯಾಕಾಯ್ತದಾ? ಕೂತ್ಕೊಮ್ಮಿ" ಅಂದ. ನನ್ನಿಂದ ನಾಯಿ ಅನ್ನಿಸಿಕೊಂಡು ಒಂದು ವಾರವೂ ಆಗಿರಲಿಲ್ಲ. ಅವನಿಗಿದ್ದದ್ದು ಅದೊಂದೇ ಸ್ಟೂಲು. ಅಲ್ಲಿಂದಾಚೆಗೆ ದಿನವೂ ಮೂರರಿಂದ ಐದರವರೆಗೆ ಆ ನೋವಿನ ಕಾಲಿನಲ್ಲಿ ಗೇಟಿನ ಬಳಿ ನಿಂತಿರುತ್ತಿದ್ದ.

ಒಂದು ದಿನ ಮೇಷ್ಟ್ರು ಅವಳನ್ನು ನೋಡಿ ಕಿಟಕಿ ಮುಚ್ಚಿಸಿದರು. ಮಾರನೆಯ ದಿನ ಕಿಟಕಿ ತೆರೆದೇ ಇತ್ತು.

"ಯಾಕಯ್ಯ ಮೂಗಯ್ಯ, ಮುಚ್ಚು ಅಂದಿರಲಿಲ್ಲವಾ?"

"ಚಿಲಕ ತುಕ್ಕು ಇಡಿದದೆ ಸಾ. ಮುಚ್ಕೊಳಲ್ಲ ಅಂತದೆ."

"ನಿನ್ನೆ ಮುಚ್ಚಿತ್ತಲ್ಲ?"

"ನೆನ್ನೆ ತುಕ್ಕು ಇರ್ನಿಲ್ಲ ಸಾ."

ಮೇಷ್ಟ್ರು ಕಿಟಕಿಯನ್ನು ಹಾಗೇ ಬಿಟ್ಟು ಪಾಠಕ್ಕೆ ಹೋದರು. ಹೀಗೆ ಒಂದು ವರ್ಷ. ಒಳಗಿದ್ದ ಹದಿನಾಲ್ಕು ಜನ ಕಲಿತದ್ದನ್ನೆಲ್ಲ ಇವಳು ಕಿಟಕಿಯಿಂದ ಕಲಿತಳು. ರಜೆ ಹಾಕಿದ್ದು ಅವರು, ಇವಳಲ್ಲ.

ಎರಡನೇ ವರ್ಷದ ಡಿಸೆಂಬರಿನಲ್ಲಿ ಆ ಹದಿನಾಲ್ಕು ಜನ ಆಡಬೇಕಾದ ದೊಡ್ಡ ನಾಟಕ ಸಿದ್ಧವಾಯಿತು. ಆನೆ ಬೆಳೆ ತುಳಿದ ಮೇಲೆ ಪರಿಹಾರ ಕೇಳಿಕೊಂಡು ಆಫೀಸಿಗೆ ಅಲೆಯುವ ನಮ್ಮ ಕಡೆಯ ಹೆಂಗಸಿನ ಕಥೆ. ಜನವರಿಯಲ್ಲಿ ಗುಂಡ್ಲುಪೇಟೆಯಲ್ಲಿ ಮೊದಲ ಪ್ರದರ್ಶನ. ಅದಕ್ಕೆ ಮೊದಲು ಒಂದು ಹಳ್ಳಿಯಲ್ಲಿ ಆಡಿ ನೋಡೋಣ ಎಂದು ಬಂದರು. ಬಂದದ್ದು ಎಲ್ಲಿಗೆ? ಭೀಮನಬೀಡಿನ ಶಾಲೆಯ ಬಯಲಿಗೆ, ಹಾಡಹಗಲಲ್ಲಿ.

ಒಂದೂವರೆ ವರ್ಷ ಅಂಗೈಗೆ ಉಸಿರು ತಾಗಿಸಿ ಹಕಾರ ಕಲಿತ ಮಕ್ಕಳು ಈಗ ಹಕಾರ ಬಿಟ್ಟು ಮಾತಾಡಬೇಕಿತ್ತು. ಬಿಡಬೇಕಾದಲ್ಲಿ ಬಿಡಲಿಲ್ಲ, ಬಿಡಬಾರದ ಕಡೆ ಬಿಟ್ಟರು. ಸಲುಗೆಯ ಗಂಡಸಿಗೆ ಮಾತ್ರ ಅನ್ನುವ ಕಣ್ಲಾವನ್ನು ಅತ್ತೆಗೂ ಅಂದರು. ಮುಂದಿನ ಸಾಲಿನಲ್ಲಿ ಕೂತಿದ್ದ ಚಿಕ್ಕಮಲ್ಲಮ್ಮಜ್ಜಿ ಎಲೆಅಡಿಕೆ ಉಗಿದು ಗಟ್ಟಿಯಾಗಿಯೇ ಕೇಳಿದಳು, "ಯಾವ ದೇಸದ್ ಮಕ್ಳವ್ವ ಇವು? ಪಾಪ, ಕನ್ನಡ ಚೆಂದಾಗ್ ಕಲ್ತವೆ."

ಮೇಷ್ಟ್ರ ಮುಖ ಸಣ್ಣದಾಯಿತು. ಆಗ ನಯನಾ, "ಸರ್, ಇದು ಶಿವಲಕ್ಷ್ಮಿ ಊರು. ನಾಟಕ ಪೂರ್ತಿ ಅವಳಿಗೆ ಬಾಯಿಪಾಠ, ಕಿಟಕಿಯಿಂದ ಕೇಳಿದ್ದಾಳೆ" ಅಂದಳಂತೆ.

ಅವತ್ತು ಮಧ್ಯಾಹ್ನ ನಾನು, ಅಕ್ಕ, ಶಿವಲಕ್ಷ್ಮಿ ಹೊಲದಲ್ಲಿ ಅವರೆಕಾಯಿ ಮೂಟೆ ಕಟ್ಟುತ್ತಿದ್ದೆವು. ಬಸವಪ್ರಸಾದ್ ಮೇಷ್ಟ್ರು ಬದುವಿನ ಮೇಲೆ ಬಂದು ನಿಂತರು. ಹೊಳೆಯುವ ಬೂಟಿಗೆಲ್ಲ ಮಣ್ಣು. ನನ್ನನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದರು. ನಾನು ಕುಡುಗೋಲು ಕೆಳಗಿಟ್ಟೆ, ಮರ್ಯಾದೆಗೆ.

"ಶಿವಲಕ್ಷ್ಮಿ, ನಮ್ಮ ಹುಡುಗರಿಗೆ ನಿಮ್ಮ ಮಾತು ಕಲಿಸಬೇಕಮ್ಮ. ಆ ಹೆಂಗಸಿನ ಪಾತ್ರ ನೀನೇ ಮಾಡು. ನಯನಾನೇ ಬಿಟ್ಟುಕೊಡುತ್ತೇನೆ ಅಂದಿದ್ದಾಳೆ."

"ಮೊದ್ಲು ಆ ಅತ್ತು ಎಸರು ಬರುದು ಗ್ವಾಡೆಗ್ ಅಂಟ್ಸಿ" ಅಂದೆ ನಾನು.

"ಸುಮ್ಕಿರು ಮಾವ" ಅಂದಳು. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಈ ವರ್ಷದೋರ್ಗೆ ಜರಡಿ ಯಾವತ್ತು ಸಾ?" ಎಂದು ಕೇಳಿದಳು.

"ಬರುವ ಸೋಮವಾರ. ಇಪ್ಪತ್ತೆರಡು ಜನ ಇದ್ದಾರೆ."

"ಜರಡಿ ಇಡೀಬೇಡಿ. ಇಪ್ಪತ್ತೆರಡು ಜನನೂ ಇರ್ಲಿ. ಆಗ ಬತ್ತೀನಿ."

ಮೇಷ್ಟ್ರು ಬೂಟಿನ ಮಣ್ಣನ್ನು ಬದುವಿಗೆ ಒರೆಸಿದರು. "ನಾನು ಒಬ್ಬನೇ ಇದ್ದೀನಮ್ಮ. ಇನ್ನೊಬ್ಬ ಮೇಷ್ಟ್ರನ್ನು ಕೊಡಿ ಎಂದು ನಾಲ್ಕು ವರ್ಷದಿಂದ ಕೇಳ್ತಾ ಇದ್ದೀನಿ. ಅಷ್ಟು ಜನಕ್ಕೆ ಒಬ್ಬ ಹೇಗೆ ಕಲಿಸೋದು? ಅದಕ್ಕೇ ಏನಾದರೂ ಒಂದು ನೆಪ ಹುಡುಕಿ ತೆಗೀತೀನಿ. ನಿನಗೆ ಸಿಕ್ಕಿದ್ದು ಹಕಾರ."

ಆ ಮಾತನ್ನು ಒಂದು ವರ್ಷದ ಹಿಂದೆ ಹೇಳಿದ್ದರೆ ಆ ಟೀ ಲೋಟ ಉರುಳುತ್ತಿರಲಿಲ್ಲ. ಅವಳು ಮಾತ್ರ ಮೂಟೆಯ ಬಾಯಿ ಬಿಗಿದು ಎದ್ದಳು.

"ಅಂಗಾರೆ ಅರ್ಧ ಜನಕ್ಕೆ ನಾನೇಳ್ಕೊಡ್ತೀನಿ. ಅರ್ಧ ನೀವೇಳ್ಕೊಡಿ."

ಮೇಷ್ಟ್ರು ಆಗಲಿ ಎಂದು ತಲೆಯಾಡಿಸಿದರು. ಹೋಗುವಾಗ ಅಕ್ಕ ಅವರ ಕರ್ಚೀಫಿಗೆ ಎರಡು ಬೊಗಸೆ ಅವರೆಕಾಯಿ ಹಾಕಿದಳು. "ಈಗ ಜರಡಿ ಸರಿ ಇಡುದ್ರಿ" ಅಂದಳು. ಅವರಿಗೆ ಅರ್ಥವಾಗಲಿಲ್ಲ. ನಾವ್ಯಾರೂ ಹೇಳಲೂ ಇಲ್ಲ.

ಜನವರಿಯಲ್ಲಿ ಗುಂಡ್ಲುಪೇಟೆಯಲ್ಲಿ ಕೂರಲು ಜಾಗವಿರಲಿಲ್ಲ. ಭೀಮನಬೀಡಿನಿಂದಲೇ ನನ್ನ ಆಟೋ ಮೂರು ಟ್ರಿಪ್ ಹೊಡೆಯಿತು. ನಾಟಕಕ್ಕೆ ಶಿವಲಕ್ಷ್ಮಿ ಒಂದು ದೃಶ್ಯ ಸೇರಿಸಿದ್ದಳು. ಆ ಹೆಂಗಸು ಆಫೀಸಿನಲ್ಲಿ ಸಾಹೇಬನ ಮುಂದೆ ಚೆನ್ನಾಗಿ ಮಾತಾಡಬೇಕು ಎಂದು ಸೆರಗು ಸರಿ ಮಾಡಿಕೊಂಡು, "ಸ್ವಾಮಿ, ಹಾನೆ ಬದು ಹೇರಿ ಬಂದು ಹವರೆ ತುಳಿತು" ಅನ್ನುತ್ತಾಳೆ. ಸಾಹೇಬ ನಗುತ್ತಾನೆ. ಇಡೀ ಸಭೆಯೂ ನಕ್ಕಿತು. ಚಾಮರಾಜನಗರದ ಹಾಲಿನಲ್ಲಿ ಅವಳಿಗೆ ಬಿದ್ದ ನಗುವೇ ಅದು, ಅವಳೇ ಬೇಕೆಂದು ಕರೆಸಿಕೊಂಡದ್ದು.

ಸಾಹೇಬ, "ಯಾವ ಲಾರಿಗೆ ಹೇರಿದ್ದರು ಆನೇನ?" ಅನ್ನುತ್ತಾನೆ. ಆಗ ಅವಳು ನಿಧಾನವಾಗಿ ತಲೆಯೆತ್ತಿದಳು. ಧ್ವನಿ ಏರಿಸಲಿಲ್ಲ. "ಆನೆ ಬಂತು ಸಾಮಿ. ನಮ್ಮ ಒಲ ಓಯ್ತು. ಒಟ್ಟೆಗಿಲ್ಲದ್ ಮೇಲೆ ಅಕ್ಸರ ಕಟ್ಕೊಂಡ್ ಏನ್ ಮಾಡನ?" ಅಂದಳು.

ಹಿಂದಿನ ಸಾಲಿನಿಂದ ಚಿಕ್ಕಮಲ್ಲಮ್ಮಜ್ಜಿ, "ಅಂಗ್ ಕೇಳು ಕಣಮ್ಮಿ" ಅಂದಳು. ಅಲ್ಲಿಂದ ಶುರುವಾದ ಚಪ್ಪಾಳೆ ನಿಲ್ಲಲೇ ಇಲ್ಲ. ಜನ ಎದ್ದು ನಿಂತರು. ಪರದೆಯ ಪಕ್ಕದಲ್ಲಿ ಬಸವಪ್ರಸಾದ್ ಮೇಷ್ಟ್ರು ಕಣ್ಣೊರೆಸಿಕೊಂಡು ಯಾರಿಗೋ, "ನಮ್ಮ್ ಉಡ್ಗಿ" ಅನ್ನುತ್ತಿದ್ದರು. ನಾನು ಕೇಳಿಸಿಕೊಂಡೆ. ಉಡ್ಗಿ ಅಂದರು.

ಮರುವಾರ ಸೈಕಲ್ ಸ್ಟ್ಯಾಂಡಿನ ಗೋಡೆಯಲ್ಲಿ ಹೊಸ ಹಾಳೆ ಇತ್ತು. ಬೆರಳಿಟ್ಟು ಓದಿದೆ. ಇಪ್ಪತ್ತೆರಡೂ ಹೆಸರು. ಕೊನೆಯಲ್ಲಿ ಒಂದು ಗೆರೆ ಎಳೆದು ಬರೆದಿದ್ದರು, ಮಾತು ಕಲಿಸುವವರು ಶಿವಲಕ್ಷ್ಮಿ, ಭೀಮನಬೀಡು. ಒಂದೇ ಸಲಕ್ಕೆ ಓದಿ ಮುಗಿಸಿದೆ. ಹಳೆಯ ಹತ್ತು ಹೆಸರು ಇಲ್ಲಿಯವರೆಗೂ ಯಾವ ಗೋಡೆಗೂ ಬಂದಿಲ್ಲ.

ಓದಿದ್ದನ್ನು ಹೇಳೋಣವೆಂದು ಗೇಟಿಗೆ ಹೋದರೆ ಅಲ್ಲಿ ಬೇರೆ ಯಾರೋ ಇದ್ದರು. ಕಾವಲಿನವರನ್ನು ಕಳಿಸುವ ಏಜೆನ್ಸಿ ಹೊಸ ವರ್ಷಕ್ಕೆ ಬದಲಾಗಿತ್ತು. ಅಲ್ಲಿಂದ ತಾಲೀಮೆಲ್ಲ ಗುಂಡ್ಲುಪೇಟೆಯಲ್ಲೇ ನಡೆದಿದ್ದರಿಂದ ಶಿವಲಕ್ಷ್ಮಿಗೂ ಇದು ತಿಳಿದಿರಲಿಲ್ಲ. ಮೂಗಯ್ಯ ಬದನಗುಪ್ಪೆಯ ಯಾವುದೋ ಫ್ಯಾಕ್ಟರಿಗೆ ಹೋದನಂತೆ. ನಾಟಕದ ದಿನ ಮುಂದಿನ ಸಾಲಿನಲ್ಲಿ ಅವನಿಗೆಂದು ಶಿವಲಕ್ಷ್ಮಿ ಹಿಡಿದಿಟ್ಟ ಕುರ್ಚಿ ಯಾಕೆ ಖಾಲಿ ಉಳಿಯಿತು ಎಂಬುದು ಆಗ ಗೊತ್ತಾಯಿತು.

ಬದನಗುಪ್ಪೆಯಲ್ಲಿ ಗೇಟಿನಿಂದ ಗೇಟಿಗೆ ಆಟೋ ನಿಲ್ಲಿಸಿ ಕೇಳಿದ್ದೇನೆ. ಅತ್ತ ಲೋಡು ಇದ್ದಾಗಲೆಲ್ಲ ಈಗಲೂ ಕೇಳುತ್ತೇನೆ. ಸ್ಟೂಲು ಆ ಕಿಟಕಿಯ ಕೆಳಗೇ ಇದೆ. ಹೊಸ ಕಾವಲಿನವನು ಕೇಳಿದರೆ ಶಿವಲಕ್ಷ್ಮಿ, "ಅದು ಬ್ಯಾರೇವ್ರುದು" ಅನ್ನುತ್ತಾಳೆ. ಅವಳು ಮೂಗಯ್ಯನಿಗೆ ಕೊಡಬೇಕಾದದ್ದು ಆ ಸ್ಟೂಲು. ನಾನು ಹಿಂದಕ್ಕೆ ತೆಗೆದುಕೊಳ್ಳಬೇಕಾದದ್ದು ಒಂದು ಮಾತು. ಅದು ಇನ್ನೂ ಮೇಷ್ಟ್ರ ರೂಮಿನಲ್ಲೇ ಬಿದ್ದಿದೆ.